ಅಮ್ಮ ತೀರ್ಕೊಂಡಾಗ ನಾನು ಮಾಡಿದ್ದನ್ನ ಗೆಳತಿ ಸೀರಿಯಲ್‌ನಲ್ಲಿ ಮಾಡಿದ್ಲು, ಈಗ ಅವಳ ಜೊತೆ ಒಂದೇ ಸ್ಟೇಜ್ ಹತ್ತಬೇಕಾ?

ಸೈಡ್‌ವಿಂಗ್_ಹಾಸನ

ಉದ್ದ ಇದೆ, ಪುರುಸೊತ್ತಿದ್ದೋರು ಮಾತ್ರ ಓದಿ. ನಾನು ಹಾಸನದವಳು, ಕಾಲೇಜಿಂದ ಹವ್ಯಾಸಿ ತಂಡದಲ್ಲಿ ನಾಟಕ ಮಾಡ್ಕೊಂಡು ಬಂದಿದೀನಿ, ಹೊಟ್ಟೆಪಾಡಿಗೆ ಒಂದು ಸೊಸೈಟಿಲಿ ಕೆಲಸ. ನಮ್ಮ ಮೇಷ್ಟ್ರು (ತಂಡದ ಡೈರೆಕ್ಟರ್ರು, ನಮಗೆಲ್ಲ ಮೇಷ್ಟ್ರೇ) ಒಂದು ಹಳೇ ನಾಟಕನ ಮತ್ತೆ ಎತ್ತುತಾ ಇದಾರೆ, ಹಾಸನಾಂಬ ಕಲಾಕ್ಷೇತ್ರದಲ್ಲಿ ಶೋ. ಅದರಲ್ಲಿ ಅಕ್ಕ ತಂಗಿ ಪಾತ್ರ ಇದೆ. ಹಿಂದೆ ಮಾಡಿದಾಗ ಅಕ್ಕ ನನ್ನ ಗೆಳತಿ, ತಂಗಿ ನಾನು. ಗೆಳತಿನ ಇಲ್ಲಿ ಚುಕ್ಕಿ ಅಂತ ಇಟ್ಕೊಳ್ಳಿ, ನಿಜವಾದ ಹೆಸರು ಹಾಕಿದ್ರೆ ಟಿವಿ ನೋಡೋರಿಗೆಲ್ಲ ಗೊತ್ತಾಗೋಗುತ್ತೆ.

ನಾವಿಬ್ರೂ ಡಿಗ್ರಿ ಫಸ್ಟ್ ಇಯರಿಂದ ಜೋಡಿ. ನಮ್ಮಮ್ಮ ಟೈಲರಿಂಗ್ ಮಾಡೋರು, ತಂಡದ ಕಾಸ್ಟ್ಯೂಮ್ ಎಲ್ಲಾ ಅವರೇ ಹೊಲಿದು ಕೊಡ್ತಿದ್ರು, ದುಡ್ಡಿಲ್ಲದೆ. ಚುಕ್ಕಿ ಮನೇಲಿ ನಾಟಕ ಅಂದ್ರೆ ಆಗ್ತಿರ್ಲಿಲ್ಲ, ಹಂಗಾಗಿ ರಿಹರ್ಸಲ್ ಲೇಟಾದ ದಿನ ನಮ್ಮನೇಲೇ ಊಟ, ನಮ್ಮನೇಲೇ ನಿದ್ದೆ. 2019ರಲ್ಲಿ ಬೆಂಗಳೂರಲ್ಲಿ ಒಂದು ಸೀರಿಯಲ್ ಆಡಿಷನ್ ಇದೆ ಅಂತ ಗೊತ್ತಾಗಿ ಇಬ್ರೂ ಬೆಳಗಿನ ಇಂಟರ್‌ಸಿಟಿ ಹತ್ತಿ ಯಶವಂತಪುರಕ್ಕೆ ಹೋದ್ವಿ. ನನಗೆ ಮೊನೊಲಾಗ್ ಪೂರ್ತಿ ಮಾಡಕ್ಕೂ ಬಿಡ್ಲಿಲ್ಲ. 'ಫೇಸ್ ಚೆನ್ನಾಗಿದೆ ಮೇಡಂ, ಕಲರ್ ಸ್ವಲ್ಪ ಕಮ್ಮಿ, ಮನೆಕೆಲಸದವಳ ಕ್ಯಾರೆಕ್ಟರ್ ಬಂದ್ರೆ ಹೇಳ್ತೀವಿ' ಅಂದ್ರು. ಚುಕ್ಕಿಗೆ ಹೀರೊಯಿನ್ ತಂಗಿ ಪಾರ್ಟ್ ಸಿಕ್ತು. ಅವಳು ಅವರ ಮುಂದೇನೇ 'ನನಗಿಂತ ಇವಳೇ ಚೆನ್ನಾಗಿ ಮಾಡ್ತಾಳೆ ಸರ್' ಅಂದ್ಲು, ಅದನ್ನ ನಾನು ಮುಚ್ಚಿಡಲ್ಲ. ನಂಗೆ ಹೊಟ್ಟೆ ಉರೀತು, ಆದ್ರೂ ವಾಪಸ್ ಬಂದು ಅಮ್ಮ ಅವಳಿಗೆ ಪಾಯಸ ಮಾಡಿ ಹಾಕಿದ್ರು, ನಾನೂ ತಿಂದೆ.

2021 ಮೇನಲ್ಲಿ ಅಮ್ಮ ಕೊರೊನಾಗೆ ಹೋದ್ರು. ಆಗ ಹಾಸನ ಹೆಂಗಿತ್ತು ಅಂತ ಇಲ್ಲಿರೋರಿಗೆ ಹೇಳೋದೇ ಬೇಡ. ಬಾಡಿ ಸುತ್ತಿ ಕೊಟ್ರು, ಮುಖ ದೂರದಿಂದ ನೋಡಿದ್ದು. ಆಗ ಕರ್ನಾಟಕದಲ್ಲಿ ಶೂಟಿಂಗ್ ಬಂದ್ ಆಗಿತ್ತಲ್ಲ, ಎಷ್ಟೋ ಸೀರಿಯಲ್‌ನವರು ಹೈದರಾಬಾದ್ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ ಶೂಟ್ ಮಾಡ್ತಿದ್ರು, ಚುಕ್ಕಿ ಅಲ್ಲಿದ್ಲು. ಬರಲಿಲ್ಲ ಅಂತ ನನಗೆ ಸಿಟ್ಟಿಲ್ಲ, ಪಕ್ಕದ ಬೀದಿಯೋರೇ ಬರೋ ಹಂಗಿರ್ಲಿಲ್ಲ. ಅವತ್ತು ರಾತ್ರಿ ವಿಡಿಯೊ ಕಾಲ್ ಮಾಡಿದ್ಲು. ಅಮ್ಮ ಆಸ್ಪತ್ರೆಗೆ ಹೋಗೋ ಮುಂಚೆ ಬಳೆ ಬಿಚ್ಚಿ ಮಿಷನ್ ಮೇಲೆ ಇಟ್ಟಿದ್ರು, ಆ ಬಳೆ ತುಂಬಾ ಸೇಫ್ಟಿ ಪಿನ್ನು, ಟೈಲರ್ ಹೆಂಗಸರ ಕೈ ನೋಡಿದ್ರೆ ಗೊತ್ತಿರುತ್ತೆ ನಿಮಗೆ. ಮಾತಾಡಕ್ಕೆ ಆಗ್ದೆ ನಾನು ಒಂದೊಂದೇ ಪಿನ್ನು ಬಳೆಯಿಂದ ತೆಗೆಯೋದು, ಮುಚ್ಚೋದು, ಪೌಡರ್ ಡಬ್ಬಿಗೆ ಹಾಕೋದು ಮಾಡ್ತಿದ್ದೆ. 'ಮುಚ್ಚದೆ ಇಟ್ರೆ ಚುಚ್ಚುತ್ತೆ ಅಂತ ಬೈಯೋರು' ಅಂತ ಒಂದು ಮಾತು ಅಂದೆ. ಅಷ್ಟೇ ಅಂದಿದ್ದು.

ಕೆಲವು ವಾರ ಆದ್ಮೇಲೆ ಅವಳ ಸೀರಿಯಲ್‌ನಲ್ಲಿ ತಾಯಿ ಪಾತ್ರ ಸತ್ತೋಯ್ತು. ಪಕ್ಕದ ಮನೆ ಆಂಟಿ 'ನಿನ್ ಫ್ರೆಂಡು ಏನ್ ಅಳ್ತಾಳೆ ನೋಡು ಬಾ' ಅಂತ ಕರೆದ್ರು. ಹೋದೆ. ಚುಕ್ಕಿ ನೆಲದ ಮೇಲೆ ಕೂತು ಬಳೆಯಿಂದ ಪಿನ್ನು ತೆಗೀತಿದಾಳೆ, ಮುಚ್ಚುತಿದಾಳೆ, ಡಬ್ಬಿಗೆ ಹಾಕ್ತಿದಾಳೆ. 'ಮುಚ್ಚದೆ ಇಟ್ರೆ ಚುಚ್ಚುತ್ತೆ ಅಂತಿದ್ರು ಅಮ್ಮ.' ಅದನ್ನೇ ಪ್ರೊಮೊ ಮಾಡಿ ವಾರ ಪೂರ್ತಿ ಹಾಕಿದ್ರು. ಅವತ್ತಿಂದ ಮಾತಿಲ್ಲ. ಅವಳು ಫೋನ್ ಮಾಡಿದ್ಲು, ನಾನು ಎತ್ತಲಿಲ್ಲ, ನಿಂತೋಯ್ತು.

ಈಗ ಅವಳ ಸೀರಿಯಲ್ ಮುಗಿದಿದೆ, ಆಮೇಲೆ ಇನ್ನೊಂದ್ರಲ್ಲಿ ನಾದಿನಿ ಮಾಡಿದ್ಲು, ಅದೂ ನಿಂತೋಯ್ತು. ಊರಿಗೆ ಬಂದು ಮೇಷ್ಟ್ರ ಹತ್ರ ನಾಟಕ ಮಾಡ್ತೀನಿ ಅಂದಿದಾಳೆ. ಮೇಷ್ಟ್ರು ನನ್ನ ಕೇಳ್ತಿದಾರೆ. ನಾಟಕ ಬಿಡಕ್ಕೆ ನಂಗಿಷ್ಟ ಇಲ್ಲ, ಅವಳ ಮುಖ ನೋಡಕ್ಕೂ ಇಷ್ಟ ಇಲ್ಲ. ರಂಗಭೂಮಿ ಗೊತ್ತಿರೋರು ಹೇಳಿ.

ಕಾಫಿತೋಟದ_ಗಾಳಿ

ಓದಿ ಸುಮ್ನೆ ಕೂತ್ಕೊಂಡೆ ಸ್ವಲ್ಪ ಹೊತ್ತು. ನಾನು ಚಿಕ್ಕಮಗಳೂರು, ನಾನೂ ಹವ್ಯಾಸಿ ತಂಡದೋಳೇ, ಕುವೆಂಪು ಕಲಾಮಂದಿರದ ಸ್ಟೇಜ್ ಗುಡಿಸಿ ಗುಡಿಸಿ ಬೆಳೆದವಳು. ಒಂದೇ ಪ್ರಶ್ನೆ: ಸೀನ್ ಮಾಡೋ ಮುಂಚೆ ಅವಳು ನಿಮ್ಮನ್ನ ಕೇಳಿದ್ಲಾ? ಬೇಡ, ಮಾಡಿದ ಮೇಲೆ, ಟಿವಿಲಿ ಬರೋ ಮುಂಚೆ, 'ಹಿಂಗೆ ಮಾಡಿದೀನಿ ಕಣೆ' ಅಂತ ಒಂದು ಮೆಸೇಜ್ ಹಾಕಿದ್ಲಾ? ಇಲ್ಲ ಅಂದ್ರೆ ನನ್ನ ಉತ್ತರ ರೆಡಿ ಇದೆ. ಆ ಕಲರ್ ಕಮ್ಮಿ ಅಂದೋರಿಗೆ ಬೇರೆ ಥ್ರೆಡ್ ಹಾಕೋಣ, ಅದಕ್ಕೆ ನನ್ನ ಹತ್ರ ಬೈಗುಳ ಸ್ಟಾಕ್ ಇದೆ.

ಸೈಡ್‌ವಿಂಗ್_ಹಾಸನ

ಕೇಳಲಿಲ್ಲ. ಹೇಳಲೂ ಇಲ್ಲ.

ರಿಮೋಟ್_ರಾಜ

ತಪ್ಪು ತಿಳ್ಕೋಬೇಡಿ ಆದ್ರೆ ಒಂದು ಸೇಫ್ಟಿ ಪಿನ್ನಿಗೆ ಇಷ್ಟು ವರ್ಷ ಮಾತು ಬಿಡೋದಾ? ಸೀರಿಯಲ್ ಅಂದ್ಮೇಲೆ ಯಾರದ್ದೋ ಕಥೆ ಯಾರೋ ಮಾಡ್ತಾರೆ. ನಮ್ಮ ಮನೇಲಿ ಎಲ್ಲಾ ಸೀರಿಯಲ್ಲೂ ನಡೀತಾನೇ ಇದೆ, ನಾವ್ಯಾರ ಮೇಲೆ ಕೇಸ್ ಹಾಕೋದು. ನಿಜ ಹೇಳಿ, ಆ ಪಾರ್ಟ್ ನಿಮಗೆ ಸಿಗ್ಲಿಲ್ಲ ಅನ್ನೋ ಸಂಕಟ ಇದರಲ್ಲಿ ಸೇರಿದೆಯೋ ಇಲ್ವೋ?

ಸೈಡ್‌ವಿಂಗ್_ಹಾಸನ

ಸೇರಿದೆ. ಸೇರಿಲ್ಲ ಅಂತ ನಾನೆಲ್ಲಿ ಅಂದೆ? ಆ ಸೀನ್ ನೋಡ್ತಾ ನನ್ನ ತಲೇಲಿ ಮೊದಲು ಬಂದಿದ್ದು ಅಮ್ಮನೂ ಅಲ್ಲ, 'ಇದನ್ನ ನಾನು ಇದಕ್ಕಿಂತ ಚೆನ್ನಾಗಿ ಮಾಡ್ತಿದ್ದೆ' ಅಂತ. ಅದಕ್ಕೇ ಇನ್ನೂ ಸಿಟ್ಟು.

ಶೆಡ್ಯೂಲ್_ಮುಗೀತಾ

ನಾನು ಚನ್ನರಾಯಪಟ್ಟಣದವನು, ಬೆಂಗಳೂರಲ್ಲಿ ಸೀರಿಯಲ್ ಅಸೋಸಿಯೇಟ್ ಡೈರೆಕ್ಟರ್. ನಿಮ್ಮ ಗೆಳತಿ ಯಾರು ಅಂತ ಗೊತ್ತಿಲ್ಲ, ಗೊತ್ತಾದ್ರೂ ಹೇಳಲ್ಲ. ಸೆಟ್ಟಲ್ಲಿ ಹೆಂಗೆ ನಡೆಯುತ್ತೆ ಅಂತ ಹೇಳ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ಡೈಲಿ ಸೀರಿಯಲ್ ಅಂದ್ರೆ ಅರ್ಧ ಗಂಟೆ ಸ್ಲಾಟ್, ಆ್ಯಡ್ ತೆಗೆದ್ರೆ ಇಪ್ಪತ್ತೊಂದು ಇಪ್ಪತ್ತೆರಡು ನಿಮಿಷದ ಸರಕು, ಅದನ್ನ ದಿನಾ ತುಂಬಿಸ್ಬೇಕು. ಎಷ್ಟೋ ಸಲ ಸೀನ್ ಪೇಪರ್ ಬರೋದೇ ಬೆಳಿಗ್ಗೆ ಮೇಕಪ್ ಹಾಕ್ಕೊಳ್ತಾ ಇರೋವಾಗ. ಪೇಪರಲ್ಲಿ ಏನಿರುತ್ತೆ ಗೊತ್ತಾ, 'ಮಗಳು ತಾಯಿ ನೆನೆಸಿಕೊಂಡು ಅಳುತ್ತಾಳೆ', ಅಷ್ಟೇ. ಡೈರೆಕ್ಟರ್ 'ಏನಾದ್ರೂ ಒಂದು ಬಿಸಿನೆಸ್ (ಅಂದ್ರೆ ಕೈಗೊಂದು ಕೆಲಸ) ಇಟ್ಕೊಂಡು ಮಾಡಮ್ಮ, ಸುಮ್ನೆ ಅತ್ರೆ ಗ್ಲಿಸರಿನ್ ಅನ್ಸುತ್ತೆ' ಅಂತಾರೆ. ರಂಗಭೂಮಿಯಿಂದ ಬಂದೋರ ಮೇಲೆ ಈ ಭಾರ ಜಾಸ್ತಿ, ಯಾಕಂದ್ರೆ ಅವರು ಏನೋ ಒಂದು ಹುಡುಕ್ತಾರೆ ಅಂತ ಎಲ್ಲರಿಗೂ ಗೊತ್ತು. 2021ರಲ್ಲಿ ಹೈದರಾಬಾದ್ ಶೆಡ್ಯೂಲ್ ಬೇರೆ ಲೋಕ. ಹೋಟೆಲು, ಸೆಟ್ಟು, ಹೋಟೆಲು, ಆಚೆ ಕಾಲಿಡಂಗಿಲ್ಲ. ನಾನಿದ್ದ ಯೂನಿಟ್‌ನಲ್ಲಿ ಒಬ್ಬ ಲೈಟ್ ಹುಡುಗನ ತಂದೆ ಹೋದ್ರು, ಅವನೂ ಹೋಗಕ್ಕಾಗ್ಲಿಲ್ಲ, ಮಾರನೇ ದಿನ ಲೈಟ್ ಎತ್ತಿದ.

ಆ ಸೀನ್ ಹಿಟ್ಟಾಯ್ತಲ್ಲ, ಅದರಿಂದ ಅವಳಿಗೆ ಸಿಕ್ಕಿದ್ದು ಏನು ಅಂತ ಕೇಳಿದ್ರೆ, ಒಂದು ಪ್ರೊಮೊ. ಗುರುವಾರ ಟಿಆರ್‌ಪಿ ಬರುತ್ತೆ, ಮುಂದಿನ ಗುರುವಾರ ಎಲ್ಲಾ ಮರೆತಿರ್ತಾರೆ. ದಿನಗೂಲಿ ಲೆಕ್ಕ, ಪೇಮೆಂಟ್ ಎರಡ್ಮೂರು ತಿಂಗಳಾದ್ಮೇಲೆ. ನಾದಿನಿ ಪಾತ್ರಕ್ಕೆ ಬಂದಿದಾಳೆ ಅಂದ್ರೆ ಮಾರ್ಕೆಟ್ ಹೆಂಗಿದೆ ಅಂತ ಅರ್ಥ ಮಾಡ್ಕೊಳಿ. ಅವಳನ್ನ ಕ್ಷಮಿಸಿ ಅಂತ ಹೇಳ್ತಿಲ್ಲ. ಅವಳು ನಿಮ್ಮ ಅಮ್ಮನ ಮಾರಿ ಬಂಗಲೆ ಕಟ್ಟಿಲ್ಲ ಅಂತ ಅಷ್ಟೇ.

ಕಾಫಿತೋಟದ_ಗಾಳಿ

@ಶೆಡ್ಯೂಲ್_ಮುಗೀತಾ ಅಣ್ಣಾ, ಬಂಗಲೆ ಕಟ್ಟಿದ್ರೇನೇ ತಪ್ಪು ಅನ್ನೋ ಹಂಗಿದೆ ನಿಮ್ಮ ಮಾತು. ಸೀನ್ ಪೇಪರ್ ಲೇಟಾಗಿ ಬಂತು ಸರಿ, ಟೆಲಿಕಾಸ್ಟ್‌ಗೆ ಮುಂಚೆ ದಿನಗಳಿದ್ವಲ್ಲ? ಫೋನಂತೂ ಕಿತ್ಕೊಂಡಿರ್ಲಿಲ್ಲ, ವಿಡಿಯೊ ಕಾಲ್ ಮಾಡಿದಾಳಲ್ಲ.

ಶೆಡ್ಯೂಲ್_ಮುಗೀತಾ

ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಮೇಡಂ. ಫೋನ್ ಮಾಡಬಹುದಿತ್ತು.

ಶೋಕಸ್ಥಾಯಿ

ಚಿಕ್ಕಮಗಳೂರಿನಲ್ಲಿ ಪಾಠ ಮಾಡ್ಕೊಂಡಿದೀನಿ, ನಾಟಕ ಓದೋ ಹುಚ್ಚು ಹೆಚ್ಚು, ಆಡೋದು ಕಡಿಮೆ. ಈ ಪ್ರಶ್ನೆ ಹಳೇದು. ಗ್ರೀಸ್‌ನಲ್ಲಿ ಪೋಲಸ್ ಅಂತ ಒಬ್ಬ ನಟ ಇದ್ದ. ತಮ್ಮನ ಬೂದಿ ಇರೋ ಕುಡಿಕೆ ಹಿಡ್ಕೊಂಡು ಅಳೋ ಅಕ್ಕನ ಪಾತ್ರ ಅವನದು. ಅವನ ಸ್ವಂತ ಮಗ ತೀರಿಹೋಗಿದ್ದ, ಆ ಮಗನ ಬೂದಿಯನ್ನೇ ತಂದು ಸ್ಟೇಜ್ ಮೇಲೆ ಹಿಡ್ಕೊಂಡು ಅತ್ತ ಅಂತ ರೋಮನ್ ಲೇಖಕ ಗೆಲಿಯಸ್ ಬರೆದಿಟ್ಟಿದಾನೆ. ಎರಡು ಸಾವಿರ ವರ್ಷದಿಂದ ಜನ ಅದನ್ನ ಮೆಚ್ಚಿಕೊಂಡೇ ಹೇಳ್ತಾರೆ. ಯಾಕೆ? ಬೂದಿ ಅವನ ಮಗನದು. ಪಕ್ಕದ ಮನೆಯವನ ಮಗನದ್ದು ತಂದಿದ್ರೆ?

ಇನ್ನೊಂದು. ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಹೇಳಿದ ಭಾವಸ್ಮರಣೆನ ಅಮೆರಿಕದಲ್ಲಿ ನಟನೆ ಕಲಿಸ್ತಿದ್ದ ಲೀ ಸ್ಟ್ರಾಸ್‌ಬರ್ಗ್ ತುಂಬಾ ದೂರ ತಗೊಂಡು ಹೋದ, ನಟ ತನ್ನ ಜೀವನದ ನೋವನ್ನೇ ತೆಗೆದು ಪಾತ್ರಕ್ಕೆ ಹಾಕ್ಬೇಕು ಅಂತ. ಅಂಥವನೂ ಒಂದು ಷರತ್ತು ಇಟ್ಟಿದ್ದ: ಆ ನೆನಪಿಗೆ ಕಡೇಪಕ್ಷ 7 ವರ್ಷ ಆಗಿರಬೇಕು, ಹಸಿ ಗಾಯಕ್ಕೆ ಕೈ ಹಾಕಬೇಡಿ ಅಂತ. ನಿಮ್ಮ ಗೆಳತಿ ಕೆಲವೇ ವಾರಕ್ಕೆ ಹಾಕಿದಾಳೆ, ಅದೂ ಬೇರೆಯವರ ಗಾಯಕ್ಕೆ. ಸ್ಟೆಲ್ಲಾ ಆ್ಯಡ್ಲರ್ ಅಂತ ನಟಿ ಈ ಪದ್ಧತಿ ಹಿಂಸೆ ಅನ್ಸಿ 1934ರಲ್ಲಿ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿಯನ್ನೇ ಹುಡುಕ್ಕೊಂಡು ಹೋಗಿ ಕಲಿತು ಬಂದು, ಕಲ್ಪನೆ ಸಾಕು, ಸನ್ನಿವೇಶ ಸಾಕು, ಮನೆಯ ಹೆಣ ತರಬೇಕಾಗಿಲ್ಲ ಅನ್ನೋ ಅರ್ಥದಲ್ಲಿ ಜಗಳಕ್ಕೆ ನಿಂತಳು. ನನ್ನ ಓಟು ಆಕೆಗೆ.

ನಮ್ಮ ಕಡೆ ಕಾಶ್ಮೀರದ ಹಳೇ ಪಂಡಿತ ಅಭಿನವಗುಪ್ತ ರಸಕ್ಕೆ (ನಾಟಕ ನೋಡೋನಿಗೆ ಸಿಗೋ ಸವಿಗೆ) ಬರೋ ವಿಘ್ನಗಳನ್ನ ಹೇಳ್ತಾನೆ, ಅದರಲ್ಲಿ ಒಂದು, ನೋಡೋನು ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಹೋಗಿರೋದು. ಪಕ್ಕದ ಮನೆ ಆಂಟಿಗೆ ಆ ಸೀನು ಕರುಣರಸ. ಅದೇ ಸೋಫಾದಲ್ಲಿ ಕೂತಿದ್ದ ನಿಮಗೆ ಬರೀ ಶೋಕ. ನೋಡೋ ಹಕ್ಕನ್ನೇ ನಿಮ್ಮಿಂದ ತೆಗೆದುಬಿಟ್ಲು ಅಂತ ನಂಗನ್ಸುತ್ತೆ.

ರಿಮೋಟ್_ರಾಜ

ಸರ್ ನೀವು ಗ್ರೀಸ್‌ಗೆ ಹೋಗ್ಬಿಟ್ರಿ, ಅವರು ಕೇಳ್ತಿರೋದು ಹಾಸನದ ಶೋಗೆ ಹೋಗ್ಲಾ ಬೇಡ್ವಾ ಅಂತ.

ಅಜ್ಜಿ_ಹೇಳಿದ್ದು_ಟೈಪ್_ಮಾಡಿದ್ದು_ನಾನು

ನಮ್ಮದು ಅರಸೀಕೆರೆ ಹತ್ರ. ಅಜ್ಜಿ ಕಂಪನಿ ನಾಟಕದಲ್ಲಿದ್ದೋರು, ನಾನು ಇದನ್ನ ಓದಿ ಹೇಳಿದೆ, ಅವರು ಹೇಳಿದ್ದನ್ನ ಹಂಗೇ ಹಾಕ್ತಿದೀನಿ, ಮಧ್ಯ ಮಧ್ಯ ಎಲೆ ಅಡಿಕೆ ಜಗಿದಿದ್ದು ಬಿಟ್ಟು.

'ಕೂಸೇ, ಕಂಪ್ನೀಲಿ ಒಬ್ಬರ ಅಳಾನ ಇನ್ನೊಬ್ರು ಕದಿಯದು ದಿನಾ ನಡೀತಿತ್ತು. ನಮ್ಮತ್ತೆ ಕೆಮ್ಮನ್ನ ಅವರು ಬದುಕಿರಗಂಟ ನಾನು ಮಾಡಿದೀನಿ, ಜನ ಸಿಳ್ಳೆ ಹೊಡೆಯರು, ಅತ್ತೆ ಕೊನೇ ಸಾಲಲ್ಲಿ ಕೂತು ನಗಾಡರು. ಮಾಲೇಕಲ್ ತಿರುಪತಿ ಜಾತ್ರೆಗೆ ಕ್ಯಾಂಪ್ ಹಾಕಿದ್ದಾಗ ನಾನು ರಾಣಿ, ಇನ್ನೊಬ್ಬಾಕೆ ಸವತಿ. ನನ್ನ ಸೀನ್ ಇದ್ದಾಗ ನನ್ನ ಮಗೀಗೆ ಅವಳು ಹಾಲು ಕೊಡಳು, ಅವಳ ಸೀನ್ ಇದ್ದಾಗ ಅವಳ ಮಗೀಗೆ ನಾನು. ಸ್ಟೇಜ್ ಮೇಲೆ ಕೂದಲು ಹಿಡ್ಕಂಡು ಹೊಡೆದಾಡವ್ವು. ಅವಳ ಮಗ ಜ್ವರ ಬಂದು ಹೋತು. ಆ ವರ್ಷ ನನ್ನ ಪಾತ್ರಕ್ಕೂ ಮಗ ಸಾಯೋ ಸೀನ್ ಬಂತು. ನಾನು ಅವಳ ಹತ್ರ ಹೋಗಿ ಕೇಳ್ದೆ, ಮಗೀನ ಎತ್ಕಂಡು ನೀನು ಮೂರು ಸುತ್ತು ಬಂದೆಯಲ್ಲ ಅವತ್ತು, ಅದನ್ನ ಮಾಡ್ಲಾ ಅಂತ. ಅವಳು ಮೂರು ದಿನ ಮಾತಾಡ್ಲಿಲ್ಲ. ನಾಲ್ಕನೇ ದಿನ ಸೈಡ್‌ವಿಂಗಲ್ಲಿ ನಿಂತು, ಎಡಗಡೆಯಿಂದ ಸುತ್ತಿದ್ದು ನಾನು, ಬಲಗಡೆಯಿಂದಲ್ಲ ಅಂದ್ಲು.'

ಅಷ್ಟೇ ಹೇಳಿ ಅಜ್ಜಿ ಟಿವಿ ಹಾಕು ಅಂದ್ರು. ಹೋಗ್ಬೇಕಾ ಬೇಡ್ವಾ ಅಂತ ಕೇಳಿದ್ದಕ್ಕೆ 'ನಾಟಕ ಯಾಕೆ ಬಿಡ್ತಾಳೆ, ಬೇಕಾದ್ರೆ ಅವಳನ್ನ ಬಿಡ್ಲಿ' ಅಂದ್ರು.

ಕಾಫಿತೋಟದ_ಗಾಳಿ

ಅಜ್ಜಿಗೆ ಅಡ್ಡಬಿದ್ದೆ ಅಂತ ಹೇಳಿ.

ಸೈಡ್‌ವಿಂಗ್_ಹಾಸನ

ಎಲ್ಲರಿಗೂ ಥ್ಯಾಂಕ್ಸ್, ಅಜ್ಜಿ ಮಾತು ಓದಿ ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ಅಪ್‌ಡೇಟ್ ಇದೆ.

ರಿಹರ್ಸಲ್‌ಗೆ ಹೋದೆ, ಒಂದು ಸ್ಕೂಲ್ ಹಾಲಲ್ಲಿ ನಡೀತಿದೆ. ಚುಕ್ಕಿ ಬಂದಿದ್ಲು, ಮೊದಲಿನಕಿಂತ ಸಣ್ಣ ಆಗಿದಾಳೆ, ಮುಖಕ್ಕೆ ದಿನಾ ಬಣ್ಣ ಬಳಿದು ಬಳಿದು ಕೆನ್ನೆ ತುಂಬ ಗುಳ್ಳೆ. ರೀಡಿಂಗ್ ಮುಗಿಯೋವರ್ಗೂ ಇಬ್ರೂ ಪುಸ್ತಕ ಬಿಟ್ಟು ತಲೆ ಎತ್ತಲಿಲ್ಲ. ಆಮೇಲೆ ಮಹಾರಾಜ ಪಾರ್ಕ್‌ಗೆ ಹೋಗಿ ಕೂತ್ವಿ. ನಾನು ಶುರು ಮಾಡ್ಬೇಕು ಅನ್ನೋವಾಗ ಒಬ್ಬ ಹೆಂಗಸು ಮಗು ಎತ್ಕೊಂಡು ಓಡಿ ಬಂದು 'ನೀವು ಸೀರಿಯಲ್ಲಲ್ಲಿ ಬರ್ತಿದ್ರಿ ಅಲ್ವಾ' ಅಂತ ಸೆಲ್ಫಿ ಕೇಳಿದ್ರು, ಮಗು ಹಿಡ್ಕೊಂಡು ಸೆಲ್ಫಿ ಬರ್ಲಿಲ್ಲ ಅಂತ ಫೋನನ್ನ ನನ್ನ ಕೈಗೆ ಕೊಟ್ಟು 'ನೀವೊಂಚೂರು ತೆಗೀರಮ್ಮ' ಅಂದ್ರು. ತೆಗೆದೆ. ಮಗು ಕಣ್ಣು ಮುಚ್ಚಿತ್ತು, ಇನ್ನೊಂದ್ಸಲ ತೆಗೆದೆ. ಯಾಕ್ರೀ ನಿಲ್ಸಿದ್ರು ಸೀರಿಯಲ್ನ ಅಂತ ಕೇಳ್ಕೊಂಡು ಐದು ನಿಮಿಷ ನಿಂತಿದ್ರು.

ಅವರು ಹೋದ್ಮೇಲೆ ಕೇಳ್ದೆ, ನೇರವಾಗಿ. 'ಗೊತ್ತಿಲ್ದೆ ಬಂದ್ಬಿಡ್ತು ಕಣೆ' ಅಂತಾಳೆ ಅಂದ್ಕೊಂಡಿದ್ದೆ. ಅನ್ನಲಿಲ್ಲ. 'ಬೇಕಂತ್ಲೇ ಮಾಡ್ದೆ. ಕೇಳಿದ್ರೆ ನೀನು ಬೇಡ ಅಂತಿದ್ದೆ. ಬಯ್ಸ್ಕೊಳ್ಳೋದೇ ವಾಸಿ ಅಂತ ಮಾಡ್ದೆ' ಅಂದ್ಲು. ಸ್ವಲ್ಪ ಹೊತ್ತಾದ್ಮೇಲೆ, ಆ ಹೋಟೆಲ್ ರೂಮಲ್ಲಿ ಅಳಕ್ಕೆ ಹೋದ್ರೆ ಕಣ್ಣು ಊದುತ್ತೆ ನಾಳೆ ಕಂಟಿನ್ಯುಟಿ ಹೋಗುತ್ತೆ (ಹಿಂದಿನ ಶಾಟ್‌ಗೆ ಮುಖ ಮ್ಯಾಚ್ ಆಗಲ್ಲ) ಅಂತ ರೂಮ್‌ಮೇಟ್ ಐಸ್ ಕೊಡ್ತಿದ್ಲಂತೆ, 'ನಿಮ್ಮಮ್ಮಂಗೆ ಅಂತ ನಾನು ಅತ್ತಿದ್ದು ಆ ಶಾಟ್‌ನಲ್ಲಿ ಮಾತ್ರ' ಅಂದ್ಲು. ಅದೂ ನಿಜ ಇರಬಹುದು. ಆದ್ರೆ ಶಾಟ್ ಓಕೆ ಆದ ತಕ್ಷಣ ಮಾನಿಟರ್ ಹತ್ರ ಓಡಿ ಹೋಗಿ ಹೆಂಗೆ ಬಂದಿದೆ ಅಂತ ನೋಡಿದ್ಲಂತೆ. ಅದನ್ನೂ ಅವಳೇ ಹೇಳಿದ್ದು, ನಾನು ಕೇಳಿರ್ಲಿಲ್ಲ.

ನಂಗೆ ಸಿಟ್ಟು ಇನ್ನೂ ಜಾಸ್ತಿ ಆಯ್ತು, ಆದ್ರೆ ಸುಳ್ಳು ಹೇಳ್ಲಿಲ್ವಲ್ಲ ಅಂತ ಎದ್ದು ಹೋಗಕ್ಕೂ ಆಗ್ಲಿಲ್ಲ. ಸಾರಿ ಕೇಳಿದ್ಲು. ಪರವಾಗಿಲ್ಲ ಅಂತ ನಾನು ಅನ್ನಲಿಲ್ಲ, ಯಾಕಂದ್ರೆ ಪರವಾಗಿದೆ.

ಮಾರನೇ ದಿನ ಮೇಷ್ಟ್ರ ಮನೆಗೆ ಹೋಗಿ ಅಕ್ಕನ ಪಾತ್ರ ನನಗೆ ಬೇಕು ಅಂದೆ.

ರಿಮೋಟ್_ರಾಜ

ಓಹೋ! ಅಂದ್ರೆ ಸೇಡು.

ಸೈಡ್‌ವಿಂಗ್_ಹಾಸನ

ಪಾತ್ರ ರೀ. ಆ ನಾಟಕದಲ್ಲಿ ಅಕ್ಕನೇ ನಾಟಕ, ತಂಗಿ ಬರೀ ಬಾಗಿಲು ತೆಗೆಯೋದು ಹಾಕೋದು. ಹೋದ ಸಲ ಅವಳು ಎತ್ತರ ಇದಾಳೆ ಅಂತ ಅವಳಿಗೆ ಕೊಟ್ರು, ನಾನು ಸುಮ್ನಿದ್ದೆ. ಆಡಿಷನ್‌ನಲ್ಲೂ ಸುಮ್ನಿದ್ದೆ. ನಂಗೇನು ಆಸೆ ಇರಬಾರದಾ, ಆಸೆ ಎಲ್ಲಾ ಬೆಂಗಳೂರಿಗೆ ಹೋದೋರಿಗೇನಾ?

ಶೋಕಸ್ಥಾಯಿ

ಅವಳು ಒಪ್ಪಿದ್ಲಾ? ಟಿವಿಲಿ ಮುಖ ಕಂಡವಳನ್ನ ಬಾಗಿಲು ತೆಗೆಯೋ ಪಾತ್ರಕ್ಕೆ ಹಾಕಿದ್ರೆ ಟಿಕೆಟ್ ಹೋಗಲ್ಲ ಅಂತ ನಿಮ್ಮ ಮೇಷ್ಟ್ರಾದ್ರೂ ಅಂದಿರ್ಬೇಕಲ್ಲ.

ಸೈಡ್‌ವಿಂಗ್_ಹಾಸನ

ಮೇಷ್ಟ್ರು ಅಂದ್ರು. ಪೋಸ್ಟರ್‌ನಲ್ಲಿ ಅವಳ ಮುಖನೇ ದೊಡ್ಡದಾಗಿ ಹಾಕಿ, ನಂಗೇನಿಲ್ಲ ಅಂದೆ. ಚುಕ್ಕಿ ಒಂದು ದಿನ ರಿಹರ್ಸಲ್‌ಗೆ ಬರ್ಲಿಲ್ಲ, ತಲೆನೋವು ಅಂದ್ಲಂತೆ, ನಂಬಿದೋರು ಯಾರೂ ಇಲ್ಲ. ಆಮೇಲೆ ಬಂದ್ಲು. ತಂಗಿ ಮಾತು ಇನ್ನೂ ಬಾಯಿಪಾಠ ಆಗಿಲ್ಲ ಅವಳಿಗೆ, ಪ್ರಾಂಪ್ಟಿಂಗ್ ಅಭ್ಯಾಸ ಆಗೋಗಿದೆ, ಲೈನ್ ಮರೆತ್ರೆ ಯಾರಾದ್ರೂ ಹೇಳ್ತಾರೆ ಅಂತ ಸುಮ್ನೆ ನಿಂತ್ಕೊಳ್ತಾಳೆ. ನನಗೆ ಎರಡೂ ಪಾರ್ಟ್ ಬರುತ್ತೆ, ಹಂಗಾಗಿ ಹೇಳಿಕೊಡೋದು ನಾನೇ. ರಿಹರ್ಸಲ್ ಬಿಟ್ಟು ಬೇರೆ ಮಾತಿಲ್ಲ ಸದ್ಯಕ್ಕೆ. ಮನೆಗೆ ಕರೆದಿಲ್ಲ ನಾನು, ಅವಳೂ ಬರ್ತೀನಿ ಅಂದಿಲ್ಲ.

ಶೆಡ್ಯೂಲ್_ಮುಗೀತಾ

ಪ್ರಾಂಪ್ಟಿಂಗ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ, ಒಳ್ಳೊಳ್ಳೆ ನಾಟಕದೋರನ್ನ ಹಾಳು ಮಾಡಿರೋ ರೋಗ ಅದು. ಶೋ ಡೇಟ್ ಹಾಕಿ, ಶೂಟಿಂಗ್ ಇಲ್ದಿದ್ರೆ ಬರ್ತೀನಿ.

ಅಜ್ಜಿ_ಹೇಳಿದ್ದು_ಟೈಪ್_ಮಾಡಿದ್ದು_ನಾನು

ಅಜ್ಜಿ ಕೇಳ್ತಿದಾರೆ, ಅಕ್ಕನ ಪಾತ್ರದಲ್ಲಿ ಅಳೋ ಸೀನ್ ಇದೆಯಾ, ಇದ್ರೆ ಏನ್ ಇಟ್ಕೊಂಡು ಅಳ್ತೀಯ ಅಂತ.

ಸೈಡ್‌ವಿಂಗ್_ಹಾಸನ

ಇದೆ ಅಂತ ಹೇಳಿ. ಮೇಷ್ಟ್ರು ಅಳಲೇಬೇಡ, ಜನಕ್ಕೆ ಬೆನ್ನು ಹಾಕಿ ನಿಂತ್ಕೊ, ಲೈಟ್ ಇಳಿಸ್ತೀನಿ ಅಂತಿದಾರೆ. ಇಷ್ಟು ವರ್ಷಕ್ಕೆ ಒಂದು ಅಕ್ಕನ ಪಾರ್ಟ್ ಸಿಕ್ಕಿದೆ, ಬೆನ್ನು ಯಾಕೆ ತೋರಿಸ್ಲಿ? ಮೂರು ದಿನದಿಂದ ಅದಕ್ಕೇ ಜಗಳ ನಡೀತಿದೆ, ಚುಕ್ಕಿ ಬೇರೆ ಮೇಷ್ಟ್ರ ಕಡೆ ಸೇರ್ಕೊಂಡಿದಾಳೆ.